ಟೈಟ್ರೇಷನ್‌ಗೆ ಫಿನಾಲ್ಫ್ಥಲೀನೋ, ಮಿಥೈಲ್ ಆರೆಂಜೋ?

ಟೈಟ್ರೇಷನ್ ಎಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಅಳತೆಯಲ್ಲಿ ಹನಿಹನಿಯಾಗಿ ಬಿಟ್ಟು ಅದರ ಪ್ರಮಾಣ ಕಂಡುಹಿಡಿಯುವುದು; ಎಲ್ಲಿ ನಿಲ್ಲಿಸಬೇಕೆಂದು ಬಣ್ಣ ಬದಲಿಸಿ ತೋರಿಸುವುದು ಸೂಚಕ. ಗುರುತಿಸಲು ಸುಲಭವಾದದ್ದು ಫಿನಾಲ್ಫ್ಥಲೀನ್: ಬಣ್ಣವಿಲ್ಲದ ದ್ರಾವಣ ಒಂದೇ ಹನಿಗೆ ತಿಳಿಗುಲಾಬಿಯಾಗುತ್ತದೆ. ಆದರೆ ಸೂಚಕವನ್ನು ಸುಲಭ ನೋಡಿ ಆರಿಸಬೇಡಿ, ಆಮ್ಲ, ಪ್ರತ್ಯಾಮ್ಲದ ಕ್ರಿಯೆ ಮುಗಿಯುವಾಗಿನ ಪಿಎಚ್ (ದ್ರಾವಣ ಎಷ್ಟು ಆಮ್ಲೀಯ ಎಂಬುದರ ಅಳತೆ) ನೋಡಿ ಆರಿಸಿ. ಫಿನಾಲ್ಫ್ಥಲೀನ್ ಬಣ್ಣ ಬದಲಿಸುವುದು ಸುಮಾರು 8.3ರಿಂದ 10ರೊಳಗೆ, ಮಿಥೈಲ್ ಆರೆಂಜ್ 3.1ರಿಂದ 4.4ರೊಳಗೆ.

ಅಸಿಟಿಕ್‌ನಂಥ ದುರ್ಬಲ ಆಮ್ಲಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಬಿಡುವಾಗ ಫಿನಾಲ್ಫ್ಥಲೀನೇ ಬೇಕು. ಮಿಥೈಲ್ ಆರೆಂಜ್ ಆಮ್ಲ ಮುಗಿಯುವ ಎಷ್ಟೋ ಮೊದಲೇ ಹಳದಿಯಾಗಿಬಿಡುತ್ತದೆ.

ಸೋಡಿಯಂ ಕಾರ್ಬೊನೇಟ್‌ಗೆ ಹೈಡ್ರೋಕ್ಲೋರಿಕ್ ಆಮ್ಲ ಬಿಡುವಾಗ ಮಿಥೈಲ್ ಆರೆಂಜ್ ಬೇಕು. ವಿದ್ಯಾರ್ಥಿಗಳು ಹೆಚ್ಚು ಎಡವುವುದು ಇಲ್ಲೇ. ಕಾರ್ಬೊನೇಟ್ ಬೈಕಾರ್ಬೊನೇಟ್ ಆದ ಕೂಡಲೇ ಫಿನಾಲ್ಫ್ಥಲೀನ್‌ನ ಗುಲಾಬಿ ಮಾಯವಾಗುತ್ತದೆ, 20 ಮಿ.ಲೀ. ಆಮ್ಲ ಹಿಡಿಯಬೇಕಾದ ಕಡೆ 10ಕ್ಕೇ ಬ್ಯೂರೆಟ್ (ಹನಿ ಬಿಡುವ ಅಳತೆಗೊಳವೆ) ನಿಲ್ಲಿಸಿರುತ್ತೀರಿ, ಉತ್ತರ ಅರ್ಧಕ್ಕೆ ಬರುತ್ತದೆ. ಮಿಥೈಲ್ ಆರೆಂಜ್ ಹಳದಿಯಿಂದ ಕಿತ್ತಳೆಗೆ ತಿರುಗುವುದು ತಟ್ಟನೆ ಕಾಣದು. ಫ್ಲಾಸ್ಕ್ ಕೆಳಗೆ ಬಿಳಿ ಟೈಲ್ ಇಡಿ.

ಪ್ರಬಲ ಆಮ್ಲ, ಪ್ರಬಲ ಪ್ರತ್ಯಾಮ್ಲವಾದರೆ ಎರಡೂ ಆದೀತು.

ಯಾವುದಾದರೂ 2 ಹನಿ ಸಾಕು. ಫಿನಾಲ್ಫ್ಥಲೀನ್‌ನ ಗುಲಾಬಿ 30 ಸೆಕೆಂಡ್ ನಿಂತರೆ ರೀಡಿಂಗ್ ಬರೆದುಕೊಳ್ಳಿ. ಆಮೇಲೆ ಮಾಸುವುದು ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಿಂದ, ಅದಕ್ಕಾಗಿ ಮತ್ತೆ ಹನಿ ಬಿಡಬೇಡಿ.