ಹಗಲು ಯೋಗಕ್ಷೇಮ ಕೇಂದ್ರ: ಊಟ ಚಲೋ, ಬೆಳಗಿನ ಅವಧಿ ಇನ್ನೂ ಚಲೋ, ಮಧ್ಯಾಹ್ನದ್ದು ಆತಂಕ

ಹಗಲು ಹೊತ್ತು ಹಿರಿಯರನ್ನು ನೋಡಿಕೊಳ್ಳುವ ಕಲಬುರಗಿಯ ಈ ಯೋಗಕ್ಷೇಮ ಕೇಂದ್ರಕ್ಕೆ ಅಪ್ಪ-ಅವ್ವನನ್ನು ಸೇರಿಸಲು ಬಂದವರು ಮೊದಲು ನೋಡುವುದು ಕೂಲರ್, ಶೌಚಾಲಯ, ಊಟ. ಮೂರಕ್ಕೂ ಹೆಸರಿಡುವಂತಿಲ್ಲ. ಶೌಚಾಲಯದಲ್ಲಿ ಹಿಡಿಕೆಯಿದೆ, ಹಲ್ಲಿಲ್ಲದವರಿಗೆ ರೊಟ್ಟಿಯ ಬದಲು ಮಜ್ಜಿಗೆ ಹಾಕಿದ ನುಚ್ಚು ಸಿಗುತ್ತದೆ. ಆದರೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ಆರು ತಾಸು, ಹಿರಿಯರಿಂದ ಚಟುವಟಿಕೆ ಮಾಡಿಸುವವರು ಏನು ಕಲಿತವರು ಎಂದು ಕೇಳುವವರು ಕಡಿಮೆ. ಕೇಳಬೇಕಾದದ್ದು ಅದನ್ನೇ.

ಬೆಳಗಿನ ಅವಧಿಯನ್ನು ನಡೆಸುವ ಸಂಯೋಜಕಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂಎಸ್‌ಡಬ್ಲ್ಯೂ ಮುಗಿಸಿ, ಹಿರಿಯರ ಆರೈಕೆಯ ತರಬೇತಿಯನ್ನೂ ಪಡೆದವರು. ಆ ಕಲಿಕೆ ಅವರ ಕೆಲಸದಲ್ಲಿ ಕಾಣುತ್ತದೆ. ತೊಗರಿಬೇಳೆ ಹಸನು ಮಾಡುವ ಚಟುವಟಿಕೆಯನ್ನೇ ನೋಡಿ. ಮೊರದ ಬಣ್ಣವೂ ಬೇಳೆಯ ಬಣ್ಣವೂ ಹೆಚ್ಚುಕಡಿಮೆ ಒಂದೇ. ಕಣ್ಣಿಗೆ ಪೊರೆ ಬಂದವರಿಗೆ ಎರಡೂ ಒಂದರಲ್ಲೊಂದು ಕರಗಿಹೋಗುತ್ತವೆ. ಅದಕ್ಕೆ ಅವರು ಮೊರದ ಮೇಲೆ ಕಡುನೀಲಿ ಬಟ್ಟೆ ಹಾಸಿ, ಒಂದೇ ಹಿಡಿ ಬೇಳೆ ಸುರಿಯುತ್ತಾರೆ. ಹೆಬ್ಬೆರಳು-ತೋರುಬೆರಳಿನ ಚಿವುಟು ಹಿಡಿತಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ಬೇಕಿಲ್ಲ, ಅವ್ವಂದಿರಿಗೆ ಹೇಳಿಕೊಡುವ ಅಗತ್ಯವೂ ಇಲ್ಲ. ಮರೆವಿನ ಕಾಯಿಲೆ ಇರುವವರ ಮುಂದೆ ಮಾತ್ರ ಬೇಳೆ ಇಡುವುದಿಲ್ಲ. ಬಾಯಿಗೆ ಹಾಕಿಕೊಂಡರೆ ಉಸಿರುನಾಳಕ್ಕೆ ಸಿಕ್ಕೀತು. ಅವರಿಗೆ ಕೌದಿಯ ಬಟ್ಟೆ ಚೂರುಗಳನ್ನು ಬಣ್ಣ ನೋಡಿ ಜೋಡಿಸುವ ಕೆಲಸ, ತಪ್ಪಾಯಿತೆಂದು ಯಾರೂ ತಿದ್ದುವುದಿಲ್ಲ. ಇಪ್ಪತ್ತರಿಂದ ಮೂವತ್ತು ನಿಮಿಷಕ್ಕೆ ಮುಗಿಸುತ್ತಾರೆ. ಅದಕ್ಕಿಂತ ಹೆಚ್ಚು ಎಳೆದರೆ ದಣಿವು ಸಿಟ್ಟಾಗಿ ತಿರುಗುತ್ತದೆ. ದಖನಿ ಮಾತಾಡುವವರನ್ನು ಒಬ್ಬೊಬ್ಬರೇ ಕೂರದಂತೆ ಜೊತೆಗೂಡಿಸುತ್ತಾರೆ. ತತ್ವಪದದ ಹೊತ್ತಿನಲ್ಲಿ ಮಾತು ಮರೆತವರೂ ಪಲ್ಲವಿ ಹಿಡಿಯುತ್ತಾರೆ.

ಊಟದ ನಂತರ ಸಂಯೋಜಕಿ ಲೆಕ್ಕಪತ್ರಕ್ಕೆ ಕೂರುತ್ತಾರೆ, ಹಾಲ್ ಇಬ್ಬರು ಸಹಾಯಕಿಯರ ಕೈಗೆ ಹೋಗುತ್ತದೆ. ಇಬ್ಬರದೂ ಮಮತೆಯ ಸ್ವಭಾವ. ಆದರೆ ತರಬೇತಿ ಇಲ್ಲ, ಕೊಡಿಸಿಯೂ ಇಲ್ಲ. ಎರಡು ಗಂಟೆಗೆ "ಏಳ್ರಿ, ಕೈ ಮ್ಯಾಲೆ ಮಾಡ್ರಿ" ಎಂದು ಎಲ್ಲರನ್ನೂ ಒಮ್ಮೆಲೇ ಎಬ್ಬಿಸುತ್ತಾರೆ. ಅಪಾಯ ಇರುವುದೇ ಇಲ್ಲಿ. ಉಂಡ ಮೇಲೆ ರಕ್ತ ಹೊಟ್ಟೆಯ ಕಡೆ ಹರಿಯುತ್ತದೆ, ಬಿಪಿ ಮಾತ್ರೆ ನುಂಗಿದವರಿಗೆ ಥಟ್ಟನೆ ಎದ್ದಾಗ ಬಿಪಿ ಇನ್ನಷ್ಟು ಕುಸಿಯಬಹುದು. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಎಚ್ಚರಿಕೆಯ ಗುರುತು. ಕುಳಿತಲ್ಲೇ ಪಾದವನ್ನು ಹತ್ತು ಸಲ ಮೇಲೆ-ಕೆಳಗೆ ಆಡಿಸಿ, ಕುರ್ಚಿ ಹಿಡಿದು ಎದ್ದು, ಒಂದು ನಿಮಿಷ ನಿಂತು, ಆಮೇಲೆ ಹೆಜ್ಜೆ ಇಡಿಸಬೇಕು. ಕೈ ಇಲ್ಲದ ಪ್ಲಾಸ್ಟಿಕ್ ಕುರ್ಚಿ ಟೈಲ್ಸ್ ಮೇಲೆ ಜಾರುತ್ತದೆ, ಹಾಲ್‌ನಲ್ಲಿರುವುದೆಲ್ಲ ಅಂಥವೇ.

ಬೀಳುವ ಅಪಾಯ ಯಾರಿಗಿದೆ ಎಂದು ತಿಳಿಯಲು ಒಂದು ಟೇಪು, ಒಂದು ಗಡಿಯಾರ ಸಾಕು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಅವರ ಪಕ್ಕ ಒಬ್ಬರು ಇರಲೇಬೇಕು. ಸೇರಿಸಿಕೊಳ್ಳುವಾಗ ಇಲ್ಲಿ ಇದನ್ನು ಮಾಡುವುದಿಲ್ಲ. ರಕ್ತದ ಸಕ್ಕರೆ ಅಳೆಯುವ ಗ್ಲೂಕೋಮೀಟರ್ ಇದೆ, ಆದರೆ ಆಫೀಸಿನ ಅಲ್ಮಾರಿಯಲ್ಲಿ, ಬೀಗದೊಳಗೆ. ಶುಗರ್ 70ಕ್ಕಿಂತ ಕೆಳಗಿಳಿದಾಗ, ಎಚ್ಚರವಿದ್ದು ನುಂಗಬಲ್ಲವರಿಗೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಬೀಗದ ಕೈ ಹುಡುಕುವ ಹೊತ್ತಲ್ಲ ಅದು.

ವಿದ್ಯಾರ್ಹತೆಗೆ ಯಾವ ಅಳತೆಗೋಲು ಹಿಡಿಯುವುದು? ಪೋಷಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ 19ನೇ ಕಲಮು ವೃದ್ಧಾಶ್ರಮಗಳ ಮಾತಾಡುತ್ತದೆಯೇ ಹೊರತು ಹಗಲು ಕೇಂದ್ರದಲ್ಲಿ ಚಟುವಟಿಕೆ ನಡೆಸುವವರ ಅರ್ಹತೆಯನ್ನು ಹೇಳುವುದಿಲ್ಲ. ಹೋಲಿಕೆಗೆ ಅಮೆರಿಕದಲ್ಲಿ ಹಿರಿಯರು ಉಳಿದು ಆರೈಕೆ ಪಡೆಯುವ ನರ್ಸಿಂಗ್ ಹೋಮ್‌ಗಳ ಕೇಂದ್ರ ಸರ್ಕಾರದ ನಿಯಮ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಚಟುವಟಿಕೆ ವಿಭಾಗದ ಮುಖ್ಯಸ್ಥರು ಆ ವೃತ್ತಿಯ ಅರ್ಹತೆ ಪಡೆದವರೋ, ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳುವಂತೆ ಚಿಕಿತ್ಸೆ ಕೊಡುವವರು) ಅಥವಾ ಅವರ ಸಹಾಯಕರೋ, ರಾಜ್ಯ ಒಪ್ಪಿದ ತರಬೇತಿ ಮುಗಿಸಿದವರೋ ಆಗಿರಬೇಕು. ಇಲ್ಲವೇ ಕಳೆದ 5 ವರ್ಷಗಳಲ್ಲಿ ಸಾಮಾಜಿಕ ಅಥವಾ ಮನರಂಜನಾ ಕಾರ್ಯಕ್ರಮದಲ್ಲಿ 2 ವರ್ಷ ದುಡಿದಿರಬೇಕು, ಅದರಲ್ಲಿ 1 ವರ್ಷ ಚಿಕಿತ್ಸಾ ಚಟುವಟಿಕೆಯಲ್ಲಿ ಪೂರ್ಣಾವಧಿ. ಈ ಅಳತೆಗೆ ನಮ್ಮ ಸಂಯೋಜಕಿ ಹತ್ತಿರ ಬರುತ್ತಾರೆ. ಆದರೆ ಅವರು ರಜೆ ಹಾಕಿದ ದಿನ ಕೇಂದ್ರದಲ್ಲಿ ಆ ಅರ್ಹತೆಯವರು ಒಬ್ಬರೂ ಇರುವುದಿಲ್ಲ. ದೆಹಲಿಯ ರಾಷ್ಟ್ರೀಯ ಸಮಾಜ ರಕ್ಷಣಾ ಸಂಸ್ಥೆ ಹಿರಿಯರ ಆರೈಕೆಯ ಕೋರ್ಸ್‌ಗಳನ್ನು ನಡೆಸುತ್ತದೆ. ಸಹಾಯಕಿಯರನ್ನು ಅಂಥದೊಂದಕ್ಕೆ ಕಳಿಸುವುದು ಆಡಳಿತದವರ ಹೊಣೆ, ಆ ಹೆಣ್ಣುಮಕ್ಕಳ ತಪ್ಪಲ್ಲ.

ತಮ್ಮ ಪಾಡಿಗೆ ತಾವು ಓಡಾಡುವ ಹಿರಿಯರನ್ನು ಧೈರ್ಯವಾಗಿ ಕಳಿಸಿ. ಮನೆಯಲ್ಲಿ ಟಿವಿ ಮುಂದೆ ಕೂರುವುದಕ್ಕಿಂತ ಸಾವಿರ ಪಾಲು ವಾಸಿ. ಲಕ್ವ ಹೊಡೆದವರು, ಮರೆವಿನ ಕಾಯಿಲೆಯವರು, ಇನ್ಸುಲಿನ್ ತೆಗೆದುಕೊಳ್ಳುವವರು ಸದ್ಯಕ್ಕೆ ಬೆಳಗಿನ ಅವಧಿಗೆ ಮಾತ್ರ ಬಂದರೆ ಒಳ್ಳೆಯದು. ಸೇರಿಸುವ ಮುನ್ನ ಸಿಬ್ಬಂದಿಯ ಪ್ರಥಮ ಚಿಕಿತ್ಸೆ ಪ್ರಮಾಣಪತ್ರದ ತಾರೀಖು ನೋಡಿ, ಎರಡು ವರ್ಷ ದಾಟಿದ್ದರೆ ಮತ್ತೆ ತರಬೇತಿ ಕೊಡಿಸಲು ಹೇಳಿ. ಯಾವ ಮಾತ್ರೆ ಎಷ್ಟು ಗಂಟೆಗೆ ಎಂಬ ಚೀಟಿಯ ಒಂದು ಪ್ರತಿಯನ್ನು ಆಫೀಸಿಗೂ ಇನ್ನೊಂದನ್ನು ಮಧ್ಯಾಹ್ನದ ಸಹಾಯಕಿಯ ಕೈಗೂ ಕೊಟ್ಟು ಬನ್ನಿ.