ಕುಮಟಾದಿಂದ ಬಸ್ಸು, ಟೆಂಪೋ, ರೈಲು: ತುಮಕೂರಿನವಳ ಅನುಭವ

ತುಮಕೂರು ಕಡೆಯವಳಾದ ನಾನು ಶಾಲೆಯ ಕೆಲಸಕ್ಕೆ ಅಂತ ಕುಮಟಾಕ್ಕೆ ಬಂದೆ. ಬಂದಾಗಿನಿಂದ ಸ್ವಂತ ಗಾಡಿ ತಗೊಂಡಿಲ್ಲ. ಪೇಟೆಗೆ, ಶಿರಸಿಗೆ, ಕಾರವಾರದ ಕಚೇರಿ ಕೆಲಸಕ್ಕೆ ಎಲ್ಲಕ್ಕೂ ಬಸ್ಸು, ಟೆಂಪೋ, ರೈಲೇ. ಎರಡು ಮಳೆಗಾಲ ಕಳೆದ ಮೇಲೆ ಧೈರ್ಯವಾಗಿ ಹೇಳಬಲ್ಲೆ, ಇಲ್ಲಿ ಗಾಡಿ ಇಲ್ಲದೆ ಆರಾಮಾಗಿ ಓಡಾಡಬಹುದು. ಆದರೆ ಬಾಯಿ ಬಿಟ್ಟು ಕೇಳುತ್ತಿರಬೇಕು. ಬೋರ್ಡ್ ನಂಬಿಕೊಂಡು ಕೂತರೆ ಕೆಲಸ ಕೆಡುತ್ತದೆ.

ಹೆದ್ದಾರಿ ಉದ್ದಕ್ಕೂ ಚಿಂತೆಯಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ ಎಲ್ಲ ಒಂದೇ ದಾರಿಯಲ್ಲಿವೆ. ಒಂದು ಬಸ್ ತಪ್ಪಿದರೆ ಇನ್ನೊಂದು ಸಿಗುತ್ತದೆ. ಹೊನ್ನಾವರದ ಕಡೆಗೆ ಟೆಂಪೋಗಳೂ ಇವೆ. ಟೆಂಪೋ ತುಂಬಿದ ಮೇಲೇ ಹೊರಡುವುದು, ಹಾಗಾಗಿ ಅವಸರ ಇದ್ದರೆ ಬಸ್ಸೇ ವಾಸಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಟಿಕೆಟ್ ದುಡ್ಡೂ ಇಲ್ಲ. ಆಧಾರ್ ಕಾರ್ಡ್ ಮಾತ್ರ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ನನಗೆ ಬಹಳ ಇಷ್ಟವಾಗಿದ್ದು ಶಿರಸಿ ದಾರಿ. ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಶಾಲೆ ಬಿಡುವ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ. ನಿಂತ ಮಕ್ಕಳ ಚೀಲಗಳು ಕೇಳದೆಯೇ ಕೂತವರ ಮಡಿಲಿಗೆ ಬರುತ್ತವೆ. ಒಂದು ಸಂಜೆ ನನ್ನ ಮಡಿಲಲ್ಲಿ ಮೂರು ಚೀಲ, ಅದರ ಮೇಲೆ ಯಾರದೋ ಒದ್ದೆ ಕೊಡೆ. ದಾರಿ ಮಧ್ಯೆ ಕಂಡಕ್ಟರ್ ಸೀಟಿ ಊದಿ ಬಸ್ ನಿಲ್ಲಿಸಿದರು. ಅಡಿಕೆ ತೋಟದ ದಣಪೆ ಹತ್ತಿರ ಕಾಯುತ್ತಿದ್ದ ಅಜ್ಜನ ಕೈಗೆ ಔಷಧಿ ಪೊಟ್ಟಣ ಕೊಟ್ಟು, 'ಊಟ ಆದ್ಮೇಲೆ ತಗಳಿ ಅಂದಾರೆ' ಅಂತ ಎರಡು ಸಲ ಹೇಳಿ ರೈಟ್ ಅಂದರು. ಇಂಥ ಸೇವೆಗೆ ಎಷ್ಟು ಸ್ಟಾರ್ ಕೊಟ್ಟರೂ ಕಡಿಮೆಯೇ.

ಮಳೆಗಾಲದಲ್ಲಿ ಕಿಟಕಿ ಪಕ್ಕದ ಸೀಟಿಗೆ ಆಸೆ ಪಡಬೇಡಿ, ಗಾಜಿನ ಸಂದಿಯಿಂದ ನೀರು ಇಳಿಯುತ್ತದೆ. ಹೊರಡುವ ಮುಂಚೆ ರಸ್ತೆ ಹೇಗಿದೆ ಅಂತ ವಿಚಾರಿಸಲೇಬೇಕು. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿಯೇ ಬಂದ್ ಆಯಿತು. ಮರುತಿಂಗಳು ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಮುರಿದುಬಿತ್ತು. ಇಲ್ಲಿಯವರು ಮಳೆಯಲ್ಲಿ ಪ್ರಯಾಣ ಮುಂದೂಡಿ ಅಂದರೆ ಸುಮ್ನೆ ಹೆದರಿಸುತ್ತಿಲ್ಲ, ಕೇಳಿ.

ಕೊಂಕಣ ರೈಲು ಚೆನ್ನಾಗಿದೆ. ಬೆಂಗಳೂರಿಗೆ ಪಂಚಗಂಗಾದಲ್ಲಿ ರಾತ್ರಿ ಮಲಗಿದರೆ ಬೆಳಿಗ್ಗೆ ಊರು. ಹಾರವಾಡ, ಮಿರ್ಜಾನದಂಥ ಸಣ್ಣ ನಿಲ್ದಾಣಗಳಿಗೆ ಪ್ಯಾಸೆಂಜರ್ ರೈಲೇ ಆಧಾರ. ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ಇರುತ್ತದೆ, ಹಳೇ ಸಮಯ ನೆಚ್ಚಿಕೊಳ್ಳಬೇಡಿ. ತೊಂದರೆ ಇರುವುದು ರೈಲಿಳಿದ ಮೇಲೆ. ಕಾರವಾರದ ನಿಲ್ದಾಣ ಪೇಟೆಯಲ್ಲಿಲ್ಲ, ಶಿರವಾಡದಲ್ಲಿದೆ. ಗೋಕರ್ಣ ರೋಡ್ ನಿಲ್ದಾಣದಿಂದ ಗೋಕರ್ಣವೂ ದೂರ. ಹೊತ್ತಲ್ಲದ ಹೊತ್ತಲ್ಲಿ ಇಳಿದರೆ ಆಟೋದವರು ಹೇಳಿದ್ದೇ ರೇಟು. ಮಗು, ಲಗೇಜು ಹಿಡಿದುಕೊಂಡು ಕತ್ತಲಲ್ಲಿ ಚೌಕಾಸಿ ಮಾಡುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ರೈಲು ಬರುವ ಹೊತ್ತಿಗೆ ಒಂದು ಬಸ್ ತಂದು ನಿಲ್ಲಿಸುವುದು ಅಷ್ಟು ಕಷ್ಟವೇ?

ಗೋಕರ್ಣದಿಂದ ಕುಮಟಾ ಕಡೆ ಬರುವವರು ಒಮ್ಮೆ ತದಡಿಗೆ ಹೋಗಿ, ಅಘನಾಶಿನಿ ನದಿಯನ್ನು ಬೋಟಿನಲ್ಲಿ ದಾಟಿ ನೋಡಿ. ರಸ್ತೆಯ ಸುತ್ತು ತಪ್ಪುತ್ತದೆ, ಹೊಳೆ ನೋಡಿದಂತೆಯೂ ಆಗುತ್ತದೆ. ಕಾರವಾರದಿಂದ ಮಡಗಾಂವ್‌ಗೆ ಗೋವಾದ ಕದಂಬ ಬಸ್ಸುಗಳಿವೆ. ಅದರಲ್ಲಿ ಶಕ್ತಿ ನಡೆಯುವುದಿಲ್ಲ, ಟಿಕೆಟ್ ತಗೋಬೇಕು.

ಹಳ್ಳಿ ಕಡೆ ಹೋಗುವವರಿಗೆ ಒಂದು ಮಾತು. ಕೊನೇ ಬಸ್ ಎಷ್ಟೊತ್ತಿಗೆ ಅನ್ನುವುದು ಊರವರಿಗೆಲ್ಲ ಬಾಯಿಪಾಠ, ಸ್ಟಾಪಿನಲ್ಲಿ ಮಾತ್ರ ಎಲ್ಲೂ ಬರೆದಿರುವುದಿಲ್ಲ. ರಾತ್ರಿ ಬರುವ ಬಸ್ ಹಳ್ಳಿಯಲ್ಲೇ ತಂಗಿ ಬೆಳಿಗ್ಗೆ ಹೊರಡುವುದೂ ಉಂಟು, ಅದನ್ನು ವಾಪಸ್ ಬಸ್ ಅಂದುಕೊಂಡು ಕಾದರೆ ಕೆಟ್ಟಿರಿ. ಒಂದು ತಗಡಿನ ಮೇಲೆ ಎರಡು ಸಾಲು ಬರೆದು ಹಾಕಿದರೆ ಹೊಸಬರಿಗೆ ಎಷ್ಟು ಉಪಕಾರ ಅಲ್ವಾ? ಅಲ್ಲಿವರೆಗೂ, ಇಳಿಯುವ ಮುಂಚೆ ಅದೇ ಕಂಡಕ್ಟರ್ ಹತ್ತಿರ ವಾಪಸ್ ಬಸ್ಸಿನ ಸಮಯ ಕೇಳಿಕೊಂಡೇ ಇಳಿಯಿರಿ.