ವಿಎಂಗಳನ್ನು ಕ್ಲೌಡ್‌ಗೆ ಸಾಗಿಸುವ ಮುನ್ನ: ಅಜೂರ್ ಮೈಗ್ರೇಟ್, ಎಂಜಿಎನ್ ಮತ್ತು ಕೈಯಾರೆ ಸಾಗಣೆ

ಬ್ರಾಡ್‌ಕಾಮ್ ಕಂಪನಿ 2023ರ ನವೆಂಬರ್‌ನಲ್ಲಿ ವರ್ಚುವಲ್ ಮಷೀನಿನ ತಂತ್ರಾಂಶ ಮಾಡುವ ವಿಎಂವೇರ್ ಅನ್ನು ಕೊಂಡುಕೊಂಡು, ಮರುತಿಂಗಳೇ ಶಾಶ್ವತ ಲೈಸೆನ್ಸ್‌ಗಳ ಮಾರಾಟವನ್ನು ನಿಲ್ಲಿಸಿತು. ಅಂದಿನಿಂದ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ಸರ್ವರ್ ಕೋಣೆಗಳಲ್ಲೂ, ಚಂದಾ ಕಟ್ಟುತ್ತ ಇಲ್ಲೇ ಇರುವುದೋ, ವರ್ಚುವಲ್ ಮಷೀನುಗಳನ್ನು (ವಿಎಂ, ಅಂದರೆ ಒಂದು ಸರ್ವರ್ ಒಳಗೆ ತಂತ್ರಾಂಶದಿಂದ ಕಟ್ಟಿದ ಕಂಪ್ಯೂಟರ್‌ಗಳು) ಕ್ಲೌಡ್‌ಗೆ ಒಯ್ಯುವುದೋ ಎಂಬ ಲೆಕ್ಕಾಚಾರ ನಡೆದೇ ಇದೆ. ನಾನು ನೋಡಿಕೊಳ್ಳುವ ಕೋಣೆಯೂ ಅಂಥದ್ದೇ. ಕಾರ್ಖಾನೆಯ ವ್ಯವಹಾರವನ್ನೆಲ್ಲ ನೋಡಿಕೊಳ್ಳುವ ಒಂದು ಇಆರ್‌ಪಿ ತಂತ್ರಾಂಶ, ಅದರ ಬೆನ್ನಿಗೆ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್, ಟ್ಯಾಲಿ, ವಿಂಡೋಸ್ 2012 ಆರ್2ರ ಫೈಲ್ ಸರ್ವರ್, ಎಲ್ಲರ ಲಾಗಿನ್ ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್, ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಮೇಲೆ ಓಡುವ ಹಳೆಯ ಪೋರ್ಟಲ್.

ಸಾಗಣೆಗೆ ಮೊದಲು ಮೂರು ದಾರಿಗಳನ್ನು ಪ್ರಯೋಗಿಸಿ ನೋಡಿದೆ. ಒಂದು, ಮೈಕ್ರೋಸಾಫ್ಟ್‌ನ ಅಜೂರ್ ಮೈಗ್ರೇಟ್. ಇನ್ನೊಂದು, ಅಮೆಜಾನ್‌ನ ಅಪ್ಲಿಕೇಶನ್ ಮೈಗ್ರೇಶನ್ ಸರ್ವಿಸ್. ಎಲ್ಲರೂ ಕರೆಯುವುದು ಎಂಜಿಎನ್ ಎಂದು. ಮೂರನೆಯದು, ಯಾವ ಸೇವೆಯ ಹಂಗೂ ಇಲ್ಲದೆ ಡಿಸ್ಕ್ ಫೈಲನ್ನು ನಾವೇ ಪರಿವರ್ತಿಸಿ ಅಪ್‌ಲೋಡ್ ಮಾಡುವುದು. ಮೊದಲೇ ಹೇಳಿಬಿಡುತ್ತೇನೆ: ಅಳೆಯುವುದಕ್ಕೆ ಅಜೂರ್ ಮೈಗ್ರೇಟ್ ಮೇಲು, ಸಾಗಿಸುವುದಕ್ಕೆ ಎಂಜಿಎನ್ ಮೇಲು, ಕೈಯಾರೆ ಸಾಗಣೆ ಒಂದೆರಡು ಯಂತ್ರಗಳಿಗಷ್ಟೇ ಸರಿ. ನಾನು ಹೆಚ್ಚು ಬೆಲೆ ಕೊಡುವುದು ಅಳತೆಗೆ. ಸಾಗಣೆ ಒಂದು ರಾತ್ರಿಯ ಕೆಲಸ. ತಪ್ಪು ಗಾತ್ರದ ಯಂತ್ರವನ್ನು ಆರಿಸಿಕೊಂಡರೆ ಅದರ ಬಿಲ್ಲು ಪ್ರತಿ ತಿಂಗಳೂ ಬರುತ್ತದೆ.

ಅಜೂರ್ ಮೈಗ್ರೇಟ್ ನಮ್ಮ ಹೋಸ್ಟ್ (ವಿಎಂಗಳನ್ನು ಹೊತ್ತಿರುವ ಸರ್ವರ್) ಮೇಲೆ ತನ್ನದೇ ಒಂದು ವಿಎಂ ನಿಲ್ಲಿಸಿಕೊಳ್ಳುತ್ತದೆ. ಅದಕ್ಕೆ 32 ಜಿಬಿ ಮೆಮೊರಿ, 8 ವರ್ಚುವಲ್ ಸಿಪಿಯು ಬೇಕು. ಇಕ್ಕಟ್ಟಿನ ಹೋಸ್ಟ್‌ಗೆ ಇದು ಸಣ್ಣ ಬೇಡಿಕೆಯಲ್ಲ. ನಾನು ಪರೀಕ್ಷೆಗೆಂದು ಇಟ್ಟುಕೊಂಡಿದ್ದ ವಿಎಂಗಳನ್ನು ಆಫ್ ಮಾಡಿ ಜಾಗ ಮಾಡಿಕೊಟ್ಟೆ. ವಿಎಂವೇರ್‌ನ ನಿರ್ವಹಣಾ ತಂತ್ರಾಂಶವಾದ ವಿಸೆಂಟರ್‌ನ ಲಾಗಿನ್ ಕೊಟ್ಟ ಮೇಲೆ ಮುಂದಿನದೆಲ್ಲ ಅದರ ಪಾಡಿಗೆ ನಡೆಯುತ್ತದೆ. ಅಳತೆಗಾಗಿ ಯಾವ ವಿಎಂ ಒಳಗೂ ಏನನ್ನೂ ಹಾಕಬೇಕಿಲ್ಲ. 20 ಸೆಕೆಂಡಿಗೊಮ್ಮೆ ಸಿಪಿಯು, ಮೆಮೊರಿ, ಡಿಸ್ಕ್‌ಗಳ ಬಳಕೆಯನ್ನು ಓದಿ, ಪ್ರತಿ 10 ನಿಮಿಷಕ್ಕೆ ಒಂದು ಅಂಕಿಯಾಗಿ ಮೇಲಕ್ಕೆ ಕಳುಹಿಸುತ್ತದೆ. ಆ ಅಂಕಿಗಳ ಮೇಲೆ ನಿಮಗೆ ಬೇಕಾದ ಗಾತ್ರ, ತಿಂಗಳ ವೆಚ್ಚದ ಅಂದಾಜು ಎರಡೂ ಸಿಗುತ್ತವೆ. ಎಷ್ಟು ಮಾಹಿತಿಯ ಆಧಾರದ ಮೇಲೆ ಈ ಮಾತು ಹೇಳುತ್ತಿದ್ದೇನೆ ಎಂಬುದನ್ನೂ ಒಂದರಿಂದ ಐದು ನಕ್ಷತ್ರಗಳಲ್ಲಿ ಅದೇ ತೋರಿಸುತ್ತದೆ. ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

ಆದರೆ ಆ ಅಂದಾಜನ್ನು ಹಾಗೆಯೇ ಒಪ್ಪಿಕೊಳ್ಳಬಾರದು. ತಾನಾಗಿ ಬಿಟ್ಟರೆ ಅದು ಒಂದು ದಿನದ ಬಳಕೆಯನ್ನಷ್ಟೇ ನೋಡಿ, ಅದರಲ್ಲೂ 95ನೇ ಪರ್ಸೆಂಟೈಲ್ ಅಂಕಿಯನ್ನು (ನೂರರಲ್ಲಿ 95 ಅಳತೆಗಳು ಯಾವ ಮಿತಿಯೊಳಗೆ ಇವೆಯೋ ಅದನ್ನು) ಹಿಡಿಯುತ್ತದೆ. ನಮ್ಮ ಕಾರ್ಖಾನೆಗಳ ಇಆರ್‌ಪಿ ಎಲ್ಲ ದಿನವೂ ಒಂದೇ ಸಮ ದುಡಿಯುವುದಿಲ್ಲ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿ ವಿವರ ಸಲ್ಲಿಕೆ, ತಿಂಗಳ ಕೊನೆಗೆ ಸಂಬಳ ಮತ್ತು ದಾಸ್ತಾನಿನ ಲೆಕ್ಕ. ಉಳಿದ ದಿನ ತೂಕಡಿಸುವ ಸರ್ವರ್ ಆ ದಿನಗಳಲ್ಲಿ ಏದುಸಿರು ಬಿಡುತ್ತದೆ. ಹಾಗಾದರೆ ಅವಧಿಯನ್ನು ಒಂದು ತಿಂಗಳಿಗೆ ಏರಿಸಿದರೆ ಸಾಕೇ? ಸಾಲದು. ತಿಂಗಳಿಗೆ 720 ಗಂಟೆ. 95ನೇ ಪರ್ಸೆಂಟೈಲ್ ಎಂದರೆ ಅತಿ ಹೆಚ್ಚು ಬಳಕೆಯ 36 ಗಂಟೆಗಳನ್ನು ಲೆಕ್ಕದಿಂದ ತೆಗೆದಂತೆ. ಮೂರು ದಿನ, ದಿನಕ್ಕೆ ಆರು ಗಂಟೆ ಹೊರೆ ಬಿದ್ದರೂ ಆಗುವುದು 18 ಗಂಟೆ. ಅಂದರೆ ನಮಗೆ ಮುಖ್ಯವಾದ ದಿನಗಳೆಲ್ಲ ಅಳತೆಯಿಂದಲೇ ಮಾಯ! ಪರ್ಸೆಂಟೈಲನ್ನು 99ಕ್ಕೆ ಏರಿಸಿದರೆ ಬಿಟ್ಟುಹೋಗುವುದು ಏಳು ಗಂಟೆ ಚಿಲ್ಲರೆ ಮಾತ್ರ. ಇಆರ್‌ಪಿ ಮತ್ತು ಅದರ ಡೇಟಾಬೇಸ್‌ಗೆ 99, ಫೈಲ್ ಸರ್ವರ್‌ನಂಥವಕ್ಕೆ 95 ಎಂದು ಎರಡು ಗುಂಪು ಮಾಡಿದೆ. ಎಸ್‌ಕ್ಯೂಎಲ್ ಸರ್ವರ್‌ಗೆ ಸೂಚಿಸಿದ ಗಾತ್ರ ಒಂದು ಮೆಟ್ಟಿಲು ಮೇಲೇರಿತು, ಉಳಿದ ಹಲವು ಇಳಿದವು. ಸುಮ್ಮನೆ ದೊಡ್ಡದಾಗಿ ಕಟ್ಟಿಟ್ಟಿದ್ದ ವಿಎಂಗಳು ಎಷ್ಟಿದ್ದವು ಎಂಬುದು ಆಗ ಕಣ್ಣಿಗೆ ಬಿತ್ತು.

ಯಾವ ಸರ್ವರ್ ಯಾವುದರ ಜೊತೆ ಮಾತಾಡುತ್ತದೆ ಎಂಬುದನ್ನೂ ಅಜೂರ್ ಮೈಗ್ರೇಟ್ ಚಿತ್ರವಾಗಿ ತೋರಿಸುತ್ತದೆ. ಇದು ಐದು ನಿಮಿಷಕ್ಕೊಮ್ಮೆ ಸಂಪರ್ಕಗಳನ್ನು ನೋಡಿ ಬರೆದುಕೊಳ್ಳುವ ವ್ಯವಸ್ಥೆ. ಎರಡು ಇಣುಕುಗಳ ನಡುವೆ ತೆರೆದು ಮುಚ್ಚಿಕೊಳ್ಳುವ ಸಂಪರ್ಕ ಕಾಣದೆ ಹೋಗಬಹುದು. ರಾತ್ರಿ ಒಂದು ಫೈಲನ್ನು ಅತ್ತಿಂದಿತ್ತ ಇಟ್ಟು ಮುಗಿಸುವ ಪುಟ್ಟ ಸ್ಕ್ರಿಪ್ಟ್‌ಗಳು ಇಂಥವೇ. ಹಾಗಾಗಿ ಪ್ರತಿ ಸರ್ವರ್‌ನ ನಿಗದಿತ ಕೆಲಸಗಳ ಪಟ್ಟಿಯನ್ನು (ವಿಂಡೋಸ್‌ನಲ್ಲಿ ಟಾಸ್ಕ್ ಶೆಡ್ಯೂಲರ್, ಲಿನಕ್ಸ್‌ನಲ್ಲಿ ಕ್ರಾನ್) ಕೂತು ಓದುವುದನ್ನು ತಪ್ಪಿಸಬಾರದು.

ಎಂಜಿಎನ್ ಈ ಅಳತೆಯ ಗೊಡವೆಗೆ ಹೋಗುವುದಿಲ್ಲ. ಅದು ಗಾತ್ರ ಸೂಚಿಸುವುದು ಮೂಲ ಯಂತ್ರದಲ್ಲಿ ಎಷ್ಟು ಸಿಪಿಯು, ಎಷ್ಟು ಮೆಮೊರಿ ಇದೆ ಎಂಬುದನ್ನು ನೋಡಿ. ಅದರಲ್ಲಿ ಎಷ್ಟು ಬಳಕೆಯಾಗುತ್ತಿದೆ ಎಂದಲ್ಲ. 16 ಕೋರ್ ಕೊಟ್ಟು ಎರಡು ಕೋರಿನಷ್ಟನ್ನೂ ಬಳಸದ ವಿಎಂಗೆ ಅಲ್ಲೂ 16 ಕೋರಿನ ಯಂತ್ರವೇ ಸಿಗುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯ ಸರಳ. ಅಜೂರ್ ಮೈಗ್ರೇಟ್‌ನ ಅಂದಾಜನ್ನು ಎಕ್ಸೆಲ್ ಆಗಿ ಇಳಿಸಿಕೊಂಡು, ಅದರಲ್ಲಿರುವ ಬಳಕೆಯ ಅಂಕಿಗಳನ್ನು ನೋಡಿ, ಎಂಜಿಎನ್‌ನ ಲಾಂಚ್ ಟೆಂಪ್ಲೇಟ್‌ನಲ್ಲಿ (ಹೊಸ ಯಂತ್ರ ಹೇಗಿರಬೇಕೆಂದು ಹೇಳುವ ನಮೂನೆ) ಗಾತ್ರವನ್ನು ನಾನೇ ನಮೂದಿಸಿದೆ. ಒಬ್ಬರ ಅಳತೆಗೋಲು ಇನ್ನೊಬ್ಬರ ಮನೆಗೂ ಒಪ್ಪುತ್ತದೆ.

ಆದರೆ ಸಾಗಣೆಯಲ್ಲಿ ಎಂಜಿಎನ್‌ನ ಕೈ ಮೇಲು. ಸಾಮಾನ್ಯ ರೀತಿಯಲ್ಲಿ ಪ್ರತಿ ಸರ್ವರ್ ಒಳಗೂ ಏಜೆಂಟ್ ಎಂಬ ಪುಟ್ಟ ತಂತ್ರಾಂಶ ಹಾಕಬೇಕು, ರೀಬೂಟ್ ಬೇಕಿಲ್ಲ. ಫೈರ್‌ವಾಲ್‌ನಲ್ಲಿ ಹೊರಹೋಗುವ 443 ಮತ್ತು 1500 ಪೋರ್ಟ್‌ಗಳು ತೆರೆದಿರಬೇಕು. ಆಮೇಲೆ ಡಿಸ್ಕ್‌ನಲ್ಲಿ ಬದಲಾದ ಪ್ರತಿ ಬ್ಲಾಕ್ ಬಿಡುವಿಲ್ಲದೆ ಅತ್ತ ಹರಿಯುತ್ತಲೇ ಇರುತ್ತದೆ. ಅಜೂರ್ ಮೈಗ್ರೇಟ್‌ನ ಏಜೆಂಟ್‌ರಹಿತ ವಿಧಾನ ಸ್ನ್ಯಾಪ್‌ಶಾಟ್ (ಆ ಕ್ಷಣದ ಡಿಸ್ಕ್‌ನ ಚಿತ್ರ) ತೆಗೆದು ಸುತ್ತುಸುತ್ತಾಗಿ ಕಳುಹಿಸುತ್ತದೆ. ಒಂದು ಸುತ್ತು ಮುಗಿದ ಮೇಲೆ ಮುಂದಿನದಕ್ಕೆ ಕನಿಷ್ಠ ಒಂದು ಗಂಟೆಯ ಅಂತರ. ಹಳೆಯದನ್ನು ನಿಲ್ಲಿಸಿ ಹೊಸದಕ್ಕೆ ದಾಟುವ ಕಟ್‌ಓವರ್ ರಾತ್ರಿ ಈ ವ್ಯತ್ಯಾಸ ಗೊತ್ತಾಗುತ್ತದೆ: ಒಂದರಲ್ಲಿ ಉಳಿದಿರುವುದು ಕೆಲವು ಕ್ಷಣಗಳ ಬಾಕಿ, ಇನ್ನೊಂದರಲ್ಲಿ ಕೊನೆಯ ಸುತ್ತು ಮುಗಿಯುವವರೆಗೂ ಕಾಯಬೇಕು. ವಿಎಂ ಒಳಗೆ ಏನನ್ನೂ ಹಾಕಲು ಅನುಮತಿ ಇಲ್ಲದ ಕಡೆ ಅಜೂರ್‌ನ ವಿಧಾನವೇ ವಾಸಿ ಎಂಬುದೂ ನಿಜ. ದುಡ್ಡಿನ ವಿಷಯ ಚುಟುಕಾಗಿ: ಪ್ರತಿ ಸರ್ವರ್‌ಗೆ ಎಂಜಿಎನ್ 90 ದಿನ, ಅಜೂರ್ ಮೈಗ್ರೇಟ್ 180 ದಿನ ಉಚಿತ. ಅಷ್ಟರಲ್ಲಿ ಅಲ್ಲಿ ಬಳಕೆಯಾಗುವ ಡಿಸ್ಕ್, ಸ್ನ್ಯಾಪ್‌ಶಾಟ್‌ಗಳಿಗೆ ಎರಡೂ ಕಡೆ ಬಿಲ್ಲು ಬರುತ್ತದೆ.

ಎರಡರಲ್ಲೂ ಕಾಡುವುದು ಇಂಟರ್ನೆಟ್ ಲೈನ್. 1 ಟಿಬಿ ದತ್ತಾಂಶ 100 ಎಂಬಿಪಿಎಸ್ ಲೈನಿನಲ್ಲಿ ಒಂದು ಕ್ಷಣವೂ ನಿಲ್ಲದೆ ಹೋದರೂ 22 ಗಂಟೆ ಬೇಕು. ಮೊದಲ ಪ್ರತಿಗೆ ಇಷ್ಟು ಹೊತ್ತು ಹಿಡಿದರೆ ತೊಂದರೆಯೇನಿಲ್ಲ. ತೊಂದರೆ ಇರುವುದು ದಿನದಿನದ ಬದಲಾವಣೆಯಲ್ಲಿ. ನಮ್ಮ ಡೇಟಾಬೇಸ್ ಸರ್ವರ್‌ನಲ್ಲಿ ಹಗಲಿಡೀ ಬದಲಾಗುವುದು ಅಲ್ಪ. ಆದರೂ ಪ್ರತಿ ರಾತ್ರಿ ಬದಲಾವಣೆಯ ಗೆರೆ ಗೋಡೆಯಂತೆ ಮೇಲೇಳುತ್ತಿತ್ತು. ಹುಡುಕಿದಾಗ ಸಿಕ್ಕಿದ್ದು ರಾತ್ರಿಯ ಪೂರ್ಣ ಬ್ಯಾಕಪ್: ಅದೇ ವಿಎಂನ ಇನ್ನೊಂದು ಡ್ರೈವ್‌ಗೆ ಬೀಳುವ ಬಿಎಕೆ ಫೈಲ್. ಬದಲಾವಣೆಗಳನ್ನು ಅತ್ತ ನಕಲಿಸುವ ರೆಪ್ಲಿಕೇಷನ್‌ಗೆ ಅದು ಬ್ಯಾಕಪ್ ಎಂದು ಗೊತ್ತಾಗುವುದಿಲ್ಲ, ಬದಲಾದ ಬ್ಲಾಕ್ ಎಂದಷ್ಟೇ ಗೊತ್ತು. 120 ಜಿಬಿಯ ಅಂಥ ಒಂದು ಫೈಲ್ 100 ಎಂಬಿಪಿಎಸ್ ಲೈನನ್ನು ಎರಡೂವರೆ ಗಂಟೆಗೂ ಹೆಚ್ಚು ಕಾಲ ತುಂಬಿಬಿಡುತ್ತದೆ. ಬ್ಯಾಕಪ್ ಅನ್ನು ನೆಟ್‌ವರ್ಕ್‌ನಲ್ಲಿರುವ ಪ್ರತ್ಯೇಕ ಸಂಗ್ರಹ ಪೆಟ್ಟಿಗೆಗೆ (ನಾಸ್) ತಿರುಗಿಸಿ, ಆ ಡ್ರೈವನ್ನು ಸಾಗಣೆಯಿಂದ ಕೈಬಿಟ್ಟೆ. ಬೇಡದ ಡಿಸ್ಕ್ ಬಿಡುವ ಅವಕಾಶ ಎರಡೂ ಸೇವೆಗಳಲ್ಲಿದೆ.

ಕೈಯಾರೆ ಸಾಗಿಸಲು ಆರಿಸಿದ್ದು ಸೆಂಟ್‌ಓಎಸ್ ಪೋರ್ಟಲ್ ಅನ್ನು, ಅಜೂರ್‌ಗೆ. ವಿಎಂವೇರ್‌ನ ಡಿಸ್ಕ್ ಫೈಲಾದ ವಿಎಂಡಿಕೆಯನ್ನು ಕ್ಯೂಇಎಂಯು-ಇಮೇಜ್ ಎಂಬ ಸಾಧನದಿಂದ ಅಜೂರ್‌ಗೆ ಬೇಕಾದ ವಿಎಚ್‌ಡಿ ರೂಪಕ್ಕೆ ತರಬೇಕು. ಅದರ ಹೊಸ ರೂಪವಾದ ವಿಎಚ್‌ಡಿಎಕ್ಸ್ ಇಲ್ಲಿ ಆಗದು. ಸ್ಥಿರ ಗಾತ್ರದ ವಿಎಚ್‌ಡಿಯೇ ಆಗಬೇಕು, ಅದರ ಗಾತ್ರ ಪೂರ್ಣ ಎಂಬಿಗಳಲ್ಲಿ ಇರಬೇಕು. ಇದಕ್ಕಿಂತ ಮುಖ್ಯವಾದದ್ದು ಡ್ರೈವರ್. ವಿಎಂವೇರ್ ಮೇಲೆ ಹುಟ್ಟಿ ಬೆಳೆದ ಲಿನಕ್ಸ್‌ನ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ (ಬೂಟ್ ಆಗುವಾಗ ಮೊದಲು ಎದ್ದು ಬರುವ ಪುಟ್ಟ ಕಡತ ವ್ಯವಸ್ಥೆ) ಅಜೂರ್‌ಗೆ ಬೇಕಾದ ಹೈಪರ್-ವಿ ಡ್ರೈವರ್‌ಗಳು ಇಲ್ಲದಿರಬಹುದು. ಹಾಗೆಯೇ ಒಯ್ದರೆ ಬೂಟ್ ಆಗುವಾಗ ರೂಟ್ ಡಿಸ್ಕ್ ಸಿಗದೆ, ಸೀರಿಯಲ್ ಕನ್ಸೋಲ್‌ನಲ್ಲಿ ಡ್ರಾಕಟ್ ತುರ್ತು ಶೆಲ್ ಬಂದು ನಿಲ್ಲುತ್ತದೆ. ಇಲ್ಲಿಂದ ಹೊರಡುವ ಮೊದಲೇ, ಇನಿಟ್‌ರಾಮ್‌ಎಫ್‌ಎಸ್ ಕಟ್ಟುವ ಡ್ರಾಕಟ್ ಆದೇಶವನ್ನು ಓಡಿಸಿ ಡ್ರೈವರ್‌ಗಳನ್ನು ಸೇರಿಸಿಕೊಂಡರೆ ಈ ಪ್ರಸಂಗವೇ ಬರುವುದಿಲ್ಲ. ಡಿಸ್ಕ್‌ಗಳ ಪಟ್ಟಿಯಾದ ಎಫ್‌ಸ್ಟ್ಯಾಬ್‌ನಲ್ಲಿ ಅವುಗಳ ಹೆಸರಿನ ಬದಲು ಬದಲಾಗದ ಗುರುತು ಸಂಖ್ಯೆ (ಯುಯುಐಡಿ) ಬರೆಯುವುದು ಎಲ್ಲಿಗೆ ಹೋದರೂ ಒಳ್ಳೆಯದು. ಹೆಸರು ಬದಲಾಗುವುದುಂಟು: ಅಮೆಜಾನ್‌ನ ಹೊಸ ಯಂತ್ರಗಳಲ್ಲಿ ಡಿಸ್ಕ್‌ಗಳು ಎನ್‌ವಿಎಂಇ ಹೆಸರು ತೊಟ್ಟು ಬರುತ್ತವೆ. ಈ ದಾರಿಯಲ್ಲಿ ಪ್ರತಿ ಪದರವೂ ಅರ್ಥವಾಗುತ್ತದೆ ಎಂಬ ಸಂತೋಷ ದೊಡ್ಡದು. ಆದರೆ ಫೈಲ್ ಏರುವಷ್ಟು ಹೊತ್ತೂ ಯಂತ್ರ ಆಫ್ ಆಗಿಯೇ ಇರಬೇಕು. ದಿನವಿಡೀ ಬರೆಯುವ ಡೇಟಾಬೇಸ್‌ಗೆ ಇದು ಆಗದ ಮಾತು. ಇನ್ನು ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೇ ಮುಗಿದಿರುವುದರಿಂದ, ಪೋರ್ಟಲ್ ಅನ್ನು ಹೊಸ ಲಿನಕ್ಸ್ ಮೇಲೆ ಮತ್ತೆ ಕಟ್ಟುವುದೇ ಸರಿ ಎಂದು ನಿರ್ಧರಿಸಿದ್ದೇನೆ.

ಪರೀಕ್ಷಾ ಪ್ರತಿ ಎಬ್ಬಿಸುವವರಿಗೆ ಒಂದು ಎಚ್ಚರಿಕೆ. ಅಜೂರ್, ಎಂಜಿಎನ್ ಎರಡರಲ್ಲೂ ಮೂಲ ಯಂತ್ರ ಓಡುತ್ತಿರುವಾಗಲೇ ಅದರ ಪ್ರತಿಯನ್ನು ಕ್ಲೌಡ್‌ನಲ್ಲಿ ಎಬ್ಬಿಸಿ ನೋಡಬಹುದು. ಆ ಪ್ರತಿಗೆ ತಾನು ಪ್ರತಿ ಎಂದು ಗೊತ್ತಿಲ್ಲ. ಇಆರ್‌ಪಿಯ ನಿಗದಿತ ಕೆಲಸಗಳು ಅಲ್ಲೂ ಎದ್ದು, ಗ್ರಾಹಕರಿಗೆ ಬಾಕಿ ಪತ್ರವನ್ನು ಎರಡನೇ ಸಲ ಕಳುಹಿಸಬಲ್ಲವು. ಇಮೇಲ್ ಹೊರಹೋಗುವ 25ನೇ ಪೋರ್ಟನ್ನು ಕ್ಲೌಡ್ ಕಂಪನಿಗಳೇ ಸಾಮಾನ್ಯವಾಗಿ ತಡೆದಿರುತ್ತವೆ, ಆದರೆ ಇಮೇಲ್‌ನದೇ ಇನ್ನೊಂದು ಪೋರ್ಟ್ 587 ತೆರೆದಿರುತ್ತದೆ. ಪ್ರತ್ಯೇಕ ನೆಟ್‌ವರ್ಕ್ ಮಾಡಿ, ಹೊರಹೋಗುವ ದಾರಿಗಳನ್ನೆಲ್ಲ ಮುಚ್ಚಿ, ಆಮೇಲೆ ಎಬ್ಬಿಸಿ.

ಕೊನೆಗೆ ನಮ್ಮ ಹಂಚಿಕೆ ಹೀಗಾಯಿತು. ಇಆರ್‌ಪಿ, ಎಸ್‌ಕ್ಯೂಎಲ್ ಸರ್ವರ್ ಮತ್ತು ಟ್ಯಾಲಿ ಎಂಜಿಎನ್ ಮೂಲಕ ಅಮೆಜಾನ್‌ನ ಹೈದರಾಬಾದ್ ಕೇಂದ್ರಕ್ಕೆ. ಡೊಮೇನ್ ಕಂಟ್ರೋಲರ್ ಅನ್ನು ಸಾಗಿಸದೆ, ಅಲ್ಲೇ ಹೊಸದೊಂದನ್ನು ನಿಲ್ಲಿಸಿ ಸೇರಿಸುವುದು. 2012 ಆರ್2ರ ಸರ್ವರ್‌ಗಳು ಬಹಳ ಇರುವ ಕಚೇರಿಯಾಗಿದ್ದರೆ ನಾನು ಅಜೂರ್ ಕಡೆಗೇ ವಾಲುತ್ತಿದ್ದೆ, ಏಕೆಂದರೆ ಅವುಗಳ ವಿಸ್ತರಿತ ಭದ್ರತಾ ಅಪ್‌ಡೇಟ್‌ಗಳು ಅಲ್ಲಿ 2026ರ ಅಕ್ಟೋಬರ್‌ವರೆಗೆ ಉಚಿತ. ನಮ್ಮಲ್ಲಿರುವುದು ಫೈಲ್ ಸರ್ವರ್ ಒಂದೇ. ಹೊಸ ವಿಂಡೋಸ್ ಹಾಕಿ ರೋಬೋಕಾಪಿ ಆದೇಶದಿಂದ ಫೈಲ್‌ಗಳನ್ನು ನಕಲಿಸಿದರೆ ಮುಗಿಯಿತು. ಡಿಸೈನ್ ವಿಭಾಗದ ಕ್ಯಾಡ್ ಲೈಸೆನ್ಸ್ ಇರುವ ವಿಎಂ ಮಾತ್ರ ಪೀಣ್ಯದಲ್ಲೇ ಉಳಿಯುತ್ತದೆ. ಅದರ ಲೈಸೆನ್ಸ್ ಹೋಸ್ಟ್‌ಗೆ ಸಿಕ್ಕಿಸಿರುವ ಯುಎಸ್‌ಬಿ ಡಾಂಗಲ್‌ನಲ್ಲಿದೆ (ಲೈಸೆನ್ಸ್ ಹೊತ್ತ ಪುಟ್ಟ ಕಡ್ಡಿ). ನೆಟ್‌ವರ್ಕ್ ಲೈಸೆನ್ಸ್‌ಗೆ ಬದಲಾಯಿಸಿಕೊಡುವಂತೆ ಮಾರಾಟಗಾರರಿಗೆ ಪತ್ರ ಬರೆದಿದ್ದೇನೆ.